ಸತ್ತ ಅತ್ತೆಯ ಲೈಸೆನ್ಸು

ಲಿಲ್ಲಿಬಾಯಿಯ ವ್ಯಾಪಾರ ಮುಳುಗಿದ್ದು ಲೈಸೆನ್ಸ್ ಕಚೇರಿಯಲ್ಲಿ ಒಂದು ಕಿಟಕಿ ಮುಚ್ಚಿದ್ದರಿಂದ. ಉಳಿದದ್ದೆಲ್ಲ ಜನ ಆಡಿಕೊಳ್ಳುವ ಮಾತು. ಮೂರು ವರ್ಷದ ಹಿಂದೆ ನಾನು ಬಂದರಿನಲ್ಲಿ ಒಣಮೀನು ಮಾರುತ್ತಿದ್ದೆ, ಈಗಲೂ ಮಾರುತ್ತೇನೆ. ಜೆಪ್ಪುವಿನ ಲಿಲ್ಲಿ ಆಗ ನನ್ನ ಪಕ್ಕದ ಕಟ್ಟೆಯಲ್ಲಿ ಕೂತು ಮಾರುತ್ತಿದ್ದಳು.

ನಮ್ಮಲ್ಲಿ ಕಟ್ಟೆ ಅತ್ತೆಯಿಂದ ಸೊಸೆಗೆ ಬರುತ್ತದೆ. ಲೈಸೆನ್ಸಿನಲ್ಲಿ ಹೆಸರು ಮಾತ್ರ ಅತ್ತೆಯದೇ ಉಳಿಯುತ್ತದೆ, ಅವಳು ಸತ್ತ ಮೇಲೂ. ಹೆಸರು ತೆಗೆದರೆ ಕೈಗುಣ ಹೋಗುತ್ತದೆಂದು ನಂಬಿಕೆ. ಕಿಟಕಿಯ ಗುಮಾಸ್ತರಿಗೂ ಇದು ಗೊತ್ತಿತ್ತು. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿಸಿಕೊಂಡು ಸೀಲು ಒತ್ತುತ್ತಿದ್ದರು. ನಾನೊಬ್ಬಳೇ ಅದನ್ನು ನನ್ನ ಹೆಸರಿಗೆ ಬದಲಿಸಿದ್ದೆ. ಬುದ್ಧಿಯಿಂದಲ್ಲ, ನನ್ನ ಅತ್ತೆಯ ಹೆಸರು ದಿನಾ ಕಟ್ಟೆಯ ಮೇಲೆ ಕಣ್ಣೆದುರು ತೂಗುವುದು ನನಗೆ ಬೇಡವಿತ್ತು.

ಆ ವರ್ಷ ಲೈಸೆನ್ಸ್ ಎಲ್ಲ ಆನ್‌ಲೈನ್ ಆಯಿತು, ಕಿಟಕಿ ಮುಚ್ಚಿತು. ಲಂಚವಿಲ್ಲ, ಓಡಾಟವಿಲ್ಲ ಎಂದರು. ಸುಳ್ಳಲ್ಲ, ನನ್ನದು ಸೊಸೆಯ ಮೊಬೈಲಿನಲ್ಲಿ ಮನೆಯಲ್ಲೇ ಮುಗಿಯಿತು. ಲಿಲ್ಲಿಯದು ಆಗಲಿಲ್ಲ. ಲೈಸೆನ್ಸಿನಲ್ಲಿ ಹೆಸರಿದ್ದವರೇ ಕ್ಯಾಮರಾಕ್ಕೆ ಮುಖ ತೋರಿಸಬೇಕಿತ್ತು.

ಸೇವಾ ಕೇಂದ್ರಕ್ಕೆ ಅವಳ ಜೊತೆ ನಾನೂ ಹೋದೆ. ಅಲ್ಲಿದ್ದ ಹುಡುಗಿ ಹೆಸರು ನೋಡಿ, "ಇವರನ್ನು ಕರ್ಕೊಂಡು ಬನ್ನಿ ಆಂಟಿ, ಎರಡು ನಿಮಿಷದ ಕೆಲಸ" ಎಂದಳು.

"ಅವರು ಇಗರ್ಜಿಯ ಸಿಮಿತ್ರಿಯಲ್ಲಿ ಮಣ್ಣಿನಡಿ ಮಲಗಿದ್ದಾರೆ," ಎಂದಳು ಲಿಲ್ಲಿ. "ಅಗೆದು ತರ್ಬೇಕಾ ಮಾರಾಯ್ತಿ?"

ಹುಡುಗಿ ನಗಲಿಲ್ಲ. ಸತ್ತವರ ಲೈಸೆನ್ಸ್ ರದ್ದಾಗುತ್ತದೆ, ಕಟ್ಟೆಯನ್ನು ಹೊಸದಾಗಿ ಹಂಚುತ್ತಾರೆ ಎಂದಳು. ಯಾರಲ್ಲಿ ಮಾತನಾಡುವುದು ಎಂದು ಕೇಳಿದೆ.

"ಮಾತಾಡ್ಲಿಕ್ಕೆ ಯಾರೂ ಇಲ್ಲ ಅಜ್ಜಿ. ಪೋರ್ಟಲ್‌ನಲ್ಲಿ ದೂರು ಹಾಕ್ಲಿಕ್ಕೆ ಉಂಟು."

ಹಾಕಿದೆವು. ಉತ್ತರ ಬರುವ ಮೊದಲೇ ಲೈಸೆನ್ಸ್ ರದ್ದಾಯಿತು, ಅದರ ಬೆನ್ನಿಗೆ ಆ ಲೈಸೆನ್ಸಿಗೇ ಜೋಡಿಸಿದ್ದ ಲಿಲ್ಲಿಯ ಕ್ಯೂಆರ್ ಕೋಡ್ ನಿಂತಿತು. ನಮ್ಮಿಂದ ಮೀನು ಕೊಳ್ಳುವ ಹೋಟೆಲಿನವರು ಈಗ ನಗದು ಕೊಡುವವರಲ್ಲ. ಬಿಲ್ಲಿನಲ್ಲಿ ಲೈಸೆನ್ಸ್ ನಂಬರೂ ಬೇಕು. ಮಳೆಗಾಲಕ್ಕೆಂದು ತುಂಬಿಟ್ಟ ಅವಳ ಒಣಸಿಗಡಿಗೆ ಹುಳ ಬಿತ್ತು. ಕೊನೆಗೆ ಕಚೇರಿಯವರು ಬಂದು ಕಟ್ಟೆಗೆ ಬೇರೆ ನಂಬರ್ ಬರೆದರು. ಲಿಲ್ಲಿ ಬುಟ್ಟಿ ಎತ್ತಿಕೊಂಡಳು.

"ನೋಡಿದ್ರಾ ಗಿರಿಜಕ್ಕ, ನಮ್ಮ ಅತ್ತೆಯ ಕೈಗುಣ," ಎಂದು ಹೇಳಿ ಹೋದಳು. ಈಗ ಕಾವೂರಿನಲ್ಲಿ ಯಾರದೋ ಮನೆಯ ಪಾತ್ರೆ ತೊಳೆಯುತ್ತಾಳೆ.

ಗುಮಾಸ್ತರು ಕಣ್ಣುಮುಚ್ಚಿ ಒತ್ತಿದ ಸೀಲನ್ನು ನಾವು ಹಕ್ಕು ಎಂದುಕೊಂಡಿದ್ದೆವು. ಗುಮಾಸ್ತರು ಎದ್ದು ಹೋದ ದಿನ ಅದೂ ಹೋಯಿತು. ಈ ಕಸುಬು ನನಗೆ ಕಲಿಸಿದ್ದು ಅಷ್ಟೇ.

ಲಿಲ್ಲಿ ಹೋದ ಮರುದಿನ ಬೆಳಿಗ್ಗೆ ಅವಳಲ್ಲಿ ಕೊಳ್ಳುತ್ತಿದ್ದ ಹೋಟೆಲಿನವನು ನನ್ನ ಕಟ್ಟೆಗೆ ಬಂದ. ತೂಗಿ ಕೊಟ್ಟೆ. ಮತ್ತೆ ಬುಟ್ಟಿಗಳ ಮೇಲೆ ಗೋಣಿ ಮುಚ್ಚಿ, ಸೊಸೆಯನ್ನು ಕರೆದುಕೊಂಡು ಸೇವಾ ಕೇಂದ್ರಕ್ಕೆ ಹೋದೆ. ಕಟ್ಟೆ ಅವಳ ಹೆಸರಿಗೆ ಆಗಬೇಕಿತ್ತು, ಕ್ಯಾಮರಾಕ್ಕೆ ತೋರಿಸಲು ನನಗೆ ಮುಖ ಇರುವಾಗಲೇ.