ಬೆಲ್ಟ್ ಹೊಲಿಯುವ ಮನಾಂಗ್ ಕೋರ್ದಿಂಗ್

ಹಾರೊ ಚರ್ಚಿನ ಹಿಂದಿನ ಬೀದಿಯಲ್ಲಿ ಕೊನ್ಕೊರ್ದಿಯಾ ಪಲ್ಮಾರೆಸ್ ಬೆಲ್ಟು ಹೊಲಿಯುತ್ತಿದ್ದಳು. ಇಲೊಯಿಲೊ ಪಟ್ಟಣದಲ್ಲಿ ಅವಳ ಪೂರ್ತಿ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವಳು ಮನಾಂಗ್ ಕೋರ್ದಿಂಗ್, ಕೋರ್ದಿಂಗ್ ಅಕ್ಕ. ಅವಳು ಹೊಲಿಯುತ್ತಿದ್ದದ್ದು ಪಿಸ್ತೂಲು ಪಂದ್ಯಕ್ಕೆ ಹೋಗುವವರು ಸೊಂಟಕ್ಕೆ ಬಿಗಿಯುವ, ಹಲಗೆಯಂತೆ ಗಟ್ಟಿಯಾದ ಎರಡು ಪದರದ ಬೆಲ್ಟು. ಓಡುತ್ತ, ಬಗ್ಗುತ್ತ, ಕಿಂಡಿಯಿಂದ ಇಣುಕುತ್ತ ರಟ್ಟಿನ ಗುರಿಗಳಿಗೆ ಗುಂಡು ಹೊಡೆಯುವ ಆ ಆಟ ಅಲ್ಲಿನ ಜನರಿಗೆ ಕೋಳಿ ಅಂಕದಷ್ಟೇ ತಲೆಗೇರಿತ್ತು.

ಪ್ರಾಯದಲ್ಲಿ ಅವಳೂ ಆಡಿದವಳೇ. ಹೆಂಗಸರ ವಿಭಾಗದಲ್ಲಿ ಮೂರು ವರ್ಷ ಅವಳನ್ನು ಮೀರಿಸುವವರು ಸುತ್ತಲಿನ ದ್ವೀಪಗಳಲ್ಲಿ ಇರಲಿಲ್ಲ. ಬಂದೂಕು ರಿಪೇರಿ ಮಾಡುತ್ತಿದ್ದ ಗಂಡ ಎಲ್ಯುತೆರಿಯೊ ತೀರಿಹೋದ ಮೇಲೆ ಹೊಲಿಗೆ ಯಂತ್ರ, ಪಂದ್ಯ, ಪಾಠ ಇಷ್ಟರಲ್ಲೇ ಅವಳ ದಿನಗಳು ಕಳೆದಿದ್ದವು. ಈಗ ಅರವತ್ತೊಂದು. ಮಂಡಿ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದ್ದನ್ನೇ ಹೇಳಿ ಹೇಳಿ ಬಾಯಿ ಸೋತಿತ್ತು.

"ಮನಾಂಗ್, ಈ ಒರೆ ಸರಿಯಿಲ್ಲ. ಪಿಸ್ತೂಲು ತೆಗೆಯೋದು ತಡ ಆಗ್ತಿದೆ. ಹೊರದೇಶದ್ದು ತರಿಸ್ಲಾ?" ವಕೀಲ ಹಲಂದೋನಿ ಬಂದರೆಂದರೆ ಇದೇ ಮಾತು. ಕೈಯಲ್ಲಿ ಹೊಸ ಪಿಸ್ತೂಲು, ಅದರ ನೆತ್ತಿಯ ಮೇಲೆ ಕೆಂಪು ಚುಕ್ಕಿ ತೋರಿಸುವ ಗಾಜು.

"ಒರೆ ಏನೂ ತಡ ಮಾಡ್ತಿಲ್ಲ ಅಟಾರ್ನಿ, ನಿಮ್ಮ ಹೊಟ್ಟೆ ತಡ ಮಾಡ್ತಿದೆ. ಒರೇನ ಎರಡು ಬೆರಳು ಹಿಂದಕ್ಕೆ ಸರಿಸಿ."

"ಅಷ್ಟೇನಾ?"

"ಅಷ್ಟೇ ಅಲ್ಲ. ಮನೇಲಿ ದಿನಾ ಹತ್ತು ನಿಮಿಷ ಖಾಲಿ ಪಿಸ್ತೂಲು ತೆಗೆದು, ಗುರಿ ಹಿಡಿದು, ಟ್ರಿಗರ್ ಒತ್ತಿ ಅಂತ ಹೇಳಿದ್ನಲ್ಲ, ಎಷ್ಟು ದಿನ ಮಾಡಿದ್ರಿ?"

"ಈ ವಾರ ಕೋರ್ಟಲ್ಲಿ ತುಂಬ ಕೆಲಸ..."

"ಹಾಗಾದ್ರೆ ಇನ್ನೊಂದು ಪಿಸ್ತೂಲು ತಗೊಳ್ಳಿ. ಅದನ್ನೂ ಕೋರ್ಟಿಗೆ ಕಳಿಸೋಣ."

ವಕೀಲರು ನಕ್ಕರು. ಅವಳಿಗೆ ನಗು ಬರಲಿಲ್ಲ. ಸಾಮಾನಿನ ಮೇಲೆ ಹಣ ಸುರಿಯುತ್ತಾರೆ, ಜಾರದ ಶೂ ಹಾಕಿಕೊಳ್ಳಿ ಎಂದರೆ ಹಳೇ ಚಪ್ಪಟೆ ಶೂನಲ್ಲೇ ಬಂದು ಜಲ್ಲಿಯ ಮೇಲೆ ಬೀಳುತ್ತಾರೆ. ಗುಂಡು ತುಂಬುವ ಮ್ಯಾಗಜಿನ್‌ಗಳಿಗೆ ನಂಬರು ಬರೆದಿಟ್ಟುಕೊಳ್ಳಿ, ಯಾವುದು ಸಿಕ್ಕಿಹಾಕಿಕೊಳ್ಳುತ್ತದೋ ಗೊತ್ತಾಗಲಿ ಎಂದರೆ ಯಾರೂ ಬರೆಯುವುದಿಲ್ಲ. ಕೆಸರಲ್ಲಿ ಬಿದ್ದದ್ದನ್ನು ಒರೆಸದೆ ಮತ್ತೆ ತುರುಕುತ್ತಾರೆ. ಆಮೇಲೆ ಪಿಸ್ತೂಲನ್ನು ಬೈಯುತ್ತಾರೆ.

ಹೇಳಿದ್ದನ್ನು ಮಾಡುತ್ತಿದ್ದವಳು ರೋಸಾಬೆಲ್ ತಿಂಗ್ಸೊನ್ ಒಬ್ಬಳೇ. ಮೊಲೊ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಮೂವತ್ತನಾಲ್ಕರ ಹೆಂಗಸು. ಅಂಗಡಿ ತೆರೆಯುವ ಮುಂಚೆ ಬೆಳಿಗ್ಗೆ ಮನಾಂಗ್ ಮನೆಯ ಹಿಂದಿನ ಕೋಣೆಗೆ ಬಂದುಬಿಡುತ್ತಿದ್ದಳು. ಆ ಕೋಣೆಯೊಳಗೆ ಒಂದು ಗುಂಡೂ ಬರಕೂಡದು. ಗುಂಡುಗಳೆಲ್ಲ ಹೊರಗೆ, ಬೀಗದ ಪೆಟ್ಟಿಗೆಯಲ್ಲಿ. ಪಿಸ್ತೂಲು ಖಾಲಿ ಎಂದು ಇಬ್ಬರೂ ಬೆರಳಿಟ್ಟು ನೋಡಿದ ಮೇಲೇ ಅಭ್ಯಾಸ. ಪಿಸ್ತೂಲಿನ ಮೂತಿಯ ಮೇಲೆ ಒಂದು ನಾಣ್ಯವಿಟ್ಟು, ಅದು ಅಲುಗದ ಹಾಗೆ ಟ್ರಿಗರ್ ಒತ್ತಬೇಕು.

"ಬೇಗ ಬೇಡ ಇಂದಾಯ್, ಮಗಳೇ," ಎನ್ನುತ್ತಿದ್ದಳು ಕೋರ್ದಿಂಗ್. "ಕೈ ಸರಿಯಾದ ದಾರಿ ಕಲೀಲಿ. ಬೇಗ ಅನ್ನೋದು ತಾನಾಗೇ ಬರುತ್ತೆ. ನಾಲ್ಕು ಗುಂಡು ಮಧ್ಯಕ್ಕೆ ಬಿದ್ರೆ, ಓಡಿ ಓಡಿ ಎಂಟು ಅಂಚಿಗೆ ಹೊಡೆದೋನಿಗಿಂತ ನೀನೇ ಮೇಲು."

ಒಂದು ಬೆಳಿಗ್ಗೆ ಸರದಿ ಬದಲಾಯಿತು. ಮನಾಂಗ್ ಪಿಸ್ತೂಲು ತೆಗೆಯುವುದು, ರೋಸಾಬೆಲ್ ಶುರುವಿನ ಸದ್ದು ಕೊಡುವ ಟೈಮರ್ ಹಿಡಿಯುವುದು. ಟೈಮರ್ ಬೀಪ್ ಎಂದಿತು. ಮನಾಂಗ್ ಕೈ ಕೆಳಗಿಳಿಸಿಕೊಂಡು ನಿಂತೇ ಇದ್ದಳು.

"ಮನಾಂಗ್, ಆಗಲೇ ಕೂಗ್ತು."

"ಕೂಗ್ತಾ? ಏನೋ ಯೋಚನೆ ಮಾಡ್ತಿದ್ದೆ ಬಿಡು."

ಯೋಚನೆಯಲ್ಲ. ಎರಡು ವರ್ಷದಿಂದ ಆ ಬೀಪ್ ಅವಳಿಗೆ ಕೇಳುತ್ತಿರಲಿಲ್ಲ. ಅವಳು ಆಡಲು ಶುರುಮಾಡಿದ ಕಾಲಕ್ಕೆ ಕಿವಿಗೆ ಕವಚ ಹಾಕುವವರೇ ಕಡಿಮೆ. ಹತ್ತಿ ಸಿಗದಿದ್ದರೆ ಖಾಲಿ ತೋಟಾಗಳನ್ನೇ ಕಿವಿಗೆ ತುರುಕಿಕೊಂಡು ಹೊಡೆಯುತ್ತಿದ್ದರು. ಮೊದಲು ಹಕ್ಕಿಗಳ ಸದ್ದು ಹೋಯಿತು, ಆಮೇಲೆ ಟೈಮರಿನದು. ಯಾರಿಗೂ ಹೇಳಲಿಲ್ಲ. ಪಂದ್ಯದಲ್ಲಿ "ನನ್ನ ಎಡಕ್ಕೇ ನಿಂತ್ಕೊಳ್ಳಪ್ಪ, ಬಲಕ್ಕೆ ನಿಂತ್ರೆ ನಂಗೆ ಕಿರಿಕಿರಿ" ಎಂದು ಟೈಮರ್ ಹಿಡಿದ ಅಧಿಕಾರಿಗೆ ಹೇಳಿ, ಗುಂಡಿ ಒತ್ತುವ ಅವನ ಹೆಬ್ಬೆರಳನ್ನು ಓರೆಗಣ್ಣಿನಲ್ಲಿ ನೋಡಿಕೊಂಡು ಪಿಸ್ತೂಲು ತೆಗೆಯುತ್ತಿದ್ದಳು. ತಡವಾದರೆ ವಯಸ್ಸಿನ ಮೇಲೆ ಹಾಕುತ್ತಿದ್ದಳು. ಒಪ್ಪಿಕೊಂಡರೆ ಪಾಠವೂ ಹೋಗುತ್ತದೆ, ಪಂದ್ಯವೂ ಹೋಗುತ್ತದೆ, ಮತ್ತೆ ಉಳಿಯುವುದು ಹೊಲಿಗೆ ಯಂತ್ರ ಮಾತ್ರ ಎಂಬ ಭಯ.

ಆ ಏಪ್ರಿಲ್‌ನಲ್ಲಿ ಇಬ್ಬರೂ ಹಡಗಿನಲ್ಲಿ ಕಡಲು ದಾಟಿ ನೆಗ್ರೊಸ್ ದ್ವೀಪದ ಪಂದ್ಯಕ್ಕೆ ಹೋದರು. ಕಬ್ಬಿನ ಗದ್ದೆಗಳ ನಡುವೆ ಮಣ್ಣಿನ ದಿಬ್ಬ ಎಬ್ಬಿಸಿ ಮಾಡಿದ ಮೈದಾನ. ಬಿಸಿಲು ತಲೆ ಸುಡುತ್ತಿತ್ತು. ಮೂರನೆಯ ಸುತ್ತಿನಲ್ಲಿ ಅಧಿಕಾರಿಯಾಗಿದ್ದವನು ವೆನ್ಸೊ. ಹದಿನೈದು ವರ್ಷದ ಹಿಂದೆ ಅವಳ ಹತ್ತಿರವೇ ಪಿಸ್ತೂಲು ಹಿಡಿಯಲು ಕಲಿತವನು.

ಮನಾಂಗ್ ಮೊದಲ ಕಿಂಡಿಯಿಂದ ನಾಲ್ಕು ಹೊಡೆದು, ಮ್ಯಾಗಜಿನ್ ಬದಲಿಸುತ್ತ ಎರಡನೆಯ ಕಿಂಡಿಗೆ ಓಡಿದಳು. ಕೈ ಚೆನ್ನಾಗಿ ಬಂದಿತ್ತು. ವರ್ಷಗಳಿಂದ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಎರಡು ಗುಂಡು ಹಾರಿಸಿದ್ದೇ ತಡ, ಯಾರೋ ಭುಜವನ್ನು ಗಟ್ಟಿಯಾಗಿ ಹಿಡಿದರು. ತಿರುಗದೆ, ಪಿಸ್ತೂಲಿನ ಮೂತಿಯನ್ನು ದಿಬ್ಬದ ಕಡೆಗೇ ಇಟ್ಟು ನಿಂತಳು. ಅಷ್ಟು ವರ್ಷದ ಅಭ್ಯಾಸ ಅದೊಂದನ್ನು ಉಳಿಸಿತು.

ದೂರದ ಪೀಪಾಯಿಯ ಹಿಂದಿನಿಂದ ಒಬ್ಬ ಮನುಷ್ಯ ಎದ್ದು ನಿಂತಿದ್ದ. ಗುರಿಗಳನ್ನು ಕಟ್ಟುವ ಕೆಲಸದವನು, ಹೆಸರು ಪ್ಲಾಸಿದೊ. ಕೈಯಲ್ಲಿ ತಂತಿ ಹಾಗೇ ಇತ್ತು. ಬಾಗಿದ್ದ ಕಬ್ಬಿಣದ ಗುರಿಯೊಂದನ್ನು ಬಿಗಿಯುತ್ತ ಅಲ್ಲೇ ಕುಳಿತಿದ್ದವನನ್ನು ಯಾರೂ ಗಮನಿಸಿರಲಿಲ್ಲ. ಅವಳ ಕೊನೆಯ ಗುಂಡು ತಗುಲಿದ ಹಲಗೆ ಅವನಿಂದ ಮೂರು ಮಾರು ದೂರದಲ್ಲಿತ್ತು.

ಪಿಸ್ತೂಲು ಖಾಲಿ ಮಾಡಿಸಿ, ಒರೆಗೆ ಹಾಕಿಸಿದ ಮೇಲೆ ವೆನ್ಸೊ ತಗ್ಗಿದ ದನಿಯಲ್ಲಿ ಹೇಳಿದ. ಅವನ ಮುಖ ಬಿಳಿಚಿಕೊಂಡಿತ್ತು.

"ತಪ್ಪು ನಂದು ಮನಾಂಗ್. ಒಳಗೆ ಯಾರೂ ಇಲ್ಲ ಅಂತ ನಾನು ನೋಡ್ಬೇಕಿತ್ತು. ನೀವು ಇನ್ನೊಂದ್ಸಲ ಹೊಡೀಬಹುದು, ನಿಯಮದಲ್ಲೇ ಇದೆ."

"ನೀನು ಕೂಗಿದ್ಯಾ?"

"ಮೂರು ಸಲ ಸ್ಟಾಪ್ ಅಂತ ಕೂಗಿ, ಆಮೇಲೆ ಭುಜ ಹಿಡ್ದೆ. ಗಾಳೀಲಿ ಕೇಳಿಸಿಲ್ಲ ಬಿಡಿ."

"ಗಾಳಿ ಎಲ್ಲಿದೆ ವೆನ್ಸೊ?" ಒಂದು ಎಲೆಯೂ ಅಲುಗುತ್ತಿರಲಿಲ್ಲ. "ನಂಗೆ ಕಿವಿ ಕೇಳಲ್ಲ. ನಿನ್ನ ತಪ್ಪು ನೀನು ಬರ್ಕೋ, ನಂದು ನನ್ನ ಹೆಸರಿನ ಮುಂದೆ ಬರಿ. ನಾನು ಇನ್ನು ಹೊಡೆಯಲ್ಲ."

"ಮನಾಂಗ್, ಜನ ನೋಡ್ತಿದ್ದಾರೆ..."

"ನೋಡ್ಲಿ. ಬರಿ."

ಅವಳು ಬೆಲ್ಟು ಬಿಚ್ಚಿ ಚೀಲಕ್ಕೆ ಹಾಕಿ ಪ್ಲಾಸಿದೊನ ಹತ್ತಿರ ಹೋದಳು. ಅವನು ನೆರಳಿನಲ್ಲಿ ಕುಳಿತು ಸಿಗರೇಟು ಹಚ್ಚಲು ನೋಡುತ್ತಿದ್ದ. ಕಡ್ಡಿ ಹತ್ತುತ್ತಿರಲಿಲ್ಲ. ಅವಳೇ ಕಡ್ಡಿ ಗೀರಿ ಹಿಡಿದಳು.

"ನನ್ನಿಂದ ತಪ್ಪಾಯ್ತು ನೊಂಗ್, ಅಣ್ಣ," ಎಂದಳು.

"ನಂಗೇನೂ ಆಗಿಲ್ವಲ್ಲ," ಎಂದ ಅವನು. ಒಂದು ದಮ್ಮು ಎಳೆದು, "ಮನೇಲಿ ಹೇಳ್ಬೇಡಿ ಅಷ್ಟೆ. ನನ್ನ ಹೆಂಡ್ತಿ ನಾಳೆಯಿಂದ ಕೆಲಸಕ್ಕೆ ಕಳಿಸಲ್ಲ," ಎಂದ.

ರೋಸಾಬೆಲ್‌ಗೆ ಇನ್ನೂ ಮೂರು ಸುತ್ತು ಬಾಕಿಯಿತ್ತು. ಅವಳೂ ಬಿಡುತ್ತೇನೆ ಎಂದಳು, ಮನಾಂಗ್ ಒಪ್ಪಲಿಲ್ಲ. ಮನಾಂಗ್ ಉಳಿದ ಮಧ್ಯಾಹ್ನವೆಲ್ಲ ರಟ್ಟಿನ ಗುರಿಗಳ ತೂತುಗಳಿಗೆ ಕಾಗದದ ಪಟ್ಟಿ ಅಂಟಿಸುತ್ತ ಓಡಾಡಿದಳು. ರೋಸಾಬೆಲ್ ಹೆಂಗಸರಲ್ಲಿ ಆರನೆಯವಳಾದಳು. ವಾಪಸು ಹಡಗಿನಲ್ಲಿ ಇಬ್ಬರೂ ಕಟಕಟೆಯ ಪಕ್ಕ ಕುಳಿತರು.

"ನಂಗೆ ಗೊತ್ತಿತ್ತು ಮನಾಂಗ್," ಎಂದಳು ರೋಸಾಬೆಲ್. ಕೇಳಲಿ ಎಂದು ಜೋರಾಗಿ ಹೇಳಬೇಕಾಯಿತು. "ಪಕ್ಕದ ಅಂಕಣದಲ್ಲಿ ಯಾರಾದ್ರೂ ಹೊಡೆದ್ರೆ ಅದನ್ನೇ ಬೀಪ್ ಅಂದ್ಕೊಂಡು ನೀವು ಪಿಸ್ತೂಲು ತೆಗೀತಿದ್ರಿ."

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಬೈತೀರಿ ಅಂತ."

"ಬೈಸ್ಕೋಬೇಕಿತ್ತು," ಎಂದಳು ಮನಾಂಗ್. ಬೈಯುವಷ್ಟು ತ್ರಾಣವೂ ದನಿಯಲ್ಲಿರಲಿಲ್ಲ.

ಮುಂದಿನ ವಾರ ರೋಸಾಬೆಲ್ಲೇ ಅವಳನ್ನು ಕಿವಿಯ ವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು. ಕಿವಿ ಪರೀಕ್ಷೆಯ ಕಾಗದದ ಮೇಲಿನ ಗೆರೆ ಬಲಗಡೆಗೆ ಹೋಗುತ್ತ ಹೋಗುತ್ತ ಮೆಟ್ಟಿಲಿನಿಂದ ಬಿದ್ದಂತೆ ಕುಸಿದಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು ವೈದ್ಯೆ. ಕಿವಿಯಂತ್ರ ಹಾಕಿಕೊಂಡ ಮೊದಲ ದಿನ ಹೊಲಿಗೆ ಯಂತ್ರದ ಗಲಾಟೆ ತಡೆಯಲಾಗದೆ ಅವಳು ಅರ್ಧ ಬೆಲ್ಟಿಗೇ ಎದ್ದುಬಿಟ್ಟಳು.

ಪಿಸ್ತೂಲು ಪಂದ್ಯದ ಸಂಘದವರು ಮನೆಗೇ ಬಂದರು. ಕಿವಿ ಕೇಳದವರಿಗೆ ಭುಜ ತಟ್ಟಿ ಶುರು ಮಾಡಿಸುವ ಪದ್ಧತಿ ಇದೆ, ಮುಂದಿನ ಪಂದ್ಯಕ್ಕೆ ಬನ್ನಿ ಎಂದು ಒತ್ತಾಯಿಸಿದರು. ವೆನ್ಸೊ ಅವರ ಜೊತೆಯಲ್ಲಿದ್ದ. ಆರು ತಿಂಗಳು ಪಂದ್ಯದ ಅಧಿಕಾರಿಯ ಕೆಲಸ ಬೇಡವೆಂದು ತಾನೇ ಬರೆದುಕೊಟ್ಟಿದ್ದನಂತೆ.

"ತಟ್ಟೋರು ಇದ್ದಾರೆ, ಸರಿ," ಎಂದಳು ಕೋರ್ದಿಂಗ್. "ಆದ್ರೆ ನಂಗೆ ಸಾಕಾಯ್ತು ಕಣ್ರಪ್ಪ. ಆ ದಿನದ ಮುಂಚೇನೇ ಸಾಕಾಗಿತ್ತು, ಹೇಳ್ಕೊಳ್ಳೋಕೆ ಆಗಿರ್ಲಿಲ್ಲ."

ಪಾಠ ಹೋಗುತ್ತದೆ ಎಂಬ ಭಯ ಮಾತ್ರ ಸುಳ್ಳಾಯಿತು. ಹಿಂದಿನ ಕೋಣೆಗೆ ಬರುವವರು ಬರುತ್ತಲೇ ಇದ್ದರು. ಅವಳು ಹೇಳಿದ್ದನ್ನೇ ಹೇಳುತ್ತಲೇ ಇದ್ದಳು. ಭಾನುವಾರ ಮಾತ್ರ ಅವಳದಾಯಿತು. ಮೂವತ್ತು ವರ್ಷ ಆ ದಿನ ಬೆಳಗಾಗುವ ಮುಂಚೆ ಎದ್ದು ಮೈದಾನಕ್ಕೆ ಹೋಗುತ್ತಿದ್ದವಳು, ಈಗ ಲಾ ಪಾಸ್ ಸಂತೆಗೆ ನಿಧಾನವಾಗಿ ನಡೆದು, ಶ್ಯಾವಿಗೆ ಹಾಕಿದ ಬಾಚೊಯ್ ಸಾರು ಒಂದು ಬಟ್ಟಲು ಬಿಸಿಬಿಸಿ ಕುಡಿದು ಮನೆಗೆ ಬಂದು, ಕಿವಿಯಂತ್ರ ತೆಗೆದಿಟ್ಟು ಮತ್ತೆ ಮಲಗುತ್ತಿದ್ದಳು.