ಟಿನ್ ಪಟ್ಟಿಯ ಅಳು

ಅಪ್ಪಟ ಟಿನ್ನಿನ ಪಟ್ಟಿಯನ್ನು ಬಗ್ಗಿಸಿದರೆ ಅದು ಅಳುತ್ತದೆ. ಕಿರ್‍ರೆನ್ನುವ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದನ್ನು ಕೇಳಿಸಿದವರು ಬೆಂಗಳೂರಿನ ಲ್ಯಾಬೊಂದರಲ್ಲಿ ಲೋಹಗಳ ಸೈಂಟಿಸ್ಟ್. ಶನಿವಾರ ಶನಿವಾರ ರೈಲಿನಲ್ಲಿ ಗೌರಿಬಿದನೂರಿಗೆ ಬಂದು ನಮ್ಮ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಹಿಂದೆ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಸೈನ್ಸನ್ನು ಬೈಹಾರ್ಟ್ ಮಾಡಿಸಿದ್ದರು. ಇವರೋ, ಕಂಡ ಲೋಹವನ್ನೆಲ್ಲ ಬೀಗದ ಕೈಯಿಂದ ತಟ್ಟಿ, "ಕೇಳಮ್ಮ, ಅದೇ ಹೇಳುತ್ತೆ" ಅನ್ನುವರು.

ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಾಗ, ನನ್ನ ಅಜ್ಜಿ ಕೂರುವ ಉಯ್ಯಾಲೆಯ ಸರಪಳಿ ತಟ್ಟಿದರು. ಮುಖ ಬಿಳಿಚಿಕೊಂಡಿತು.

"ಅಮ್ಮಾ, ಇದರ ಮೇಲೆ ಕೂರಬೇಡಿ. ಒಳಗೆ ಬಿರುಕಿದೆ."

ಅಜ್ಜಿ ನಕ್ಕುಬಿಟ್ಟರು. "ನಾನು ಮದುವೆಯಾಗಿ ಬಂದಾಗಿನ ಸರಪಳಿ ಕಣಪ್ಪ, ನಿನಗಿಂತ ಗಟ್ಟಿ!"

ನನಗೆ ಮಾತ್ರ ಭಯ. ಮಾರನೆಯ ದಿನ ಅಜ್ಜಿ ಕೂರದ ಹಾಗೆ ಉಯ್ಯಾಲೆಯ ಮೇಲೆ ರಾಗಿ ಮೂಟೆ ಇಡಿಸಿ ಬೈಸಿಕೊಂಡೆ. ಮಧ್ಯಾಹ್ನ, ಗಾಳಿಯೂ ಆಡದ ಹೊತ್ತಿನಲ್ಲಿ, ಸರಪಳಿ ತುಂಡಾಗಿ ಮೂಟೆ ಬಿತ್ತು. ಅಜ್ಜಿ ಚೆಲ್ಲಿದ ರಾಗಿಯನ್ನೇ ದಿಟ್ಟಿಸುತ್ತಾ, "ಅವರಿಗೆ ಯಾರು ಹೇಳಿದರೇ?" ಅಂದರು.

ಕೊನೆಯ ಸಲ ಅವರನ್ನು ನೋಡಿದ್ದು ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರಂ ಬೆಂಚಿನ ಕಬ್ಬಿಣ ತಟ್ಟಿ, ಸರಿಯಿದೆ ಎಂದು ತಲೆಯಾಡಿಸಿದರು. ಆಮೇಲೆ ಅದೇ ಬೀಗದ ಕೈಯಿಂದ ತಮ್ಮ ಎದೆಯನ್ನು ಎರಡು ಸಲ ತಟ್ಟಿ, ತಲೆ ಬಗ್ಗಿಸಿ, ಬಹಳ ಹೊತ್ತು ಆಲಿಸಿದರು.

"ಏನು ಹೇಳ್ತು ಸರ್?" ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಟಿನ್ ಪಟ್ಟಿಯನ್ನು ನನ್ನ ಕೈಗಿಟ್ಟು, "ಮುಂದಿನ ಶನಿವಾರ ಚಿಕ್ಕ ಮಕ್ಕಳ ಕ್ಲಾಸ್ ನೀನೇ ತಗೋಮ್ಮ" ಎಂದು ರೈಲು ಹತ್ತಿದರು.