ಊರು ದಾಟಿಸಿದ ಬೆಕ್ಕು

ಆ ಬೆಕ್ಕು ಬದುಕಿತ್ತೋ ಸತ್ತಿತ್ತೋ, ಬಹಳ ವರ್ಷ ನನಗೆ ಖಚಿತವಿರಲಿಲ್ಲ. ಹೋದ ತಿಂಗಳು ಮಾವಿನಹಣ್ಣು ಕೊಳ್ಳುವಾಗ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದು, ಶ್ರೀನಿವಾಸಪುರದ ನಮ್ಮ ಪಕ್ಕದ ಮನೆಯವರು ನೆನಪಾದರು. ಬಂಧುವಲ್ಲದಿದ್ದರೂ ಬೀದಿಗೆಲ್ಲ ಅವರು ಅತ್ತೆ.

ಅದು ಎಪ್ಪತ್ತರ ದಶಕದ ಕೊನೆಯಿರಬೇಕು... ಮಾವಿನ ಕಾಲದಲ್ಲಿ ಎಲ್ಲರ ಮನೆಯಲ್ಲೂ ಕಾಯಿಗಳನ್ನು ಹುಲ್ಲಿನಲ್ಲಿಟ್ಟು ಮಾಗಿಸುತ್ತಿದ್ದರು. ಆ ಬೆಚ್ಚನೆಯ ಹುಲ್ಲಿನಲ್ಲೇ ಬೆಕ್ಕುಗಳು ಮರಿ ಹಾಕುತ್ತಿದ್ದವು. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಭಯ. ಆದ್ದರಿಂದ ಯಾರೂ ಕೊಲ್ಲುತ್ತಿರಲಿಲ್ಲ. ಗೋಣಿಯಲ್ಲಿ ಕಟ್ಟಿ, ಬಸ್ಸಿನ ಮೇಲೆ ಹಾಕಿಸಿ, ಊರು ದಾಟಿಸುತ್ತಿದ್ದರು. ದಾರಿ ಕಂಡರೆ ವಾಪಸು ಬರುತ್ತದೆಂದು ಗೋಣಿಯ ಮೇಲೆ ಇನ್ನೊಂದು ಗೋಣಿ. ಇದು ಹಿಂಸೆ ಎಂದು ಯಾರಿಗೂ ಹೊಳೆದಿರಲಿಲ್ಲ. ಬೆಂಗಳೂರಿನಲ್ಲಿ ವಿಜ್ಞಾನ ಓದುತ್ತಿದ್ದ ನನಗೂ ಹೊಳೆದಿರಲಿಲ್ಲ.

ನಾನು ರಜೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ಅತ್ತೆಯ ಬೆಕ್ಕು ಕಾಣೆಯಾಯಿತು. ಎದುರುಮನೆ ಅಜ್ಜಿಯ ಹುಲ್ಲಿನಲ್ಲಿ ಅದರ ಮೂರು ಮರಿಗಳು, ಕಣ್ಣೂ ಬಿಡದವು, ಹಾಲಿಗಾಗಿ ಅರಚುತ್ತಿದ್ದವು. ಅತ್ತೆ ಮನೆಮನೆಗೂ ಹೋದರು.

"ಯಾರ್ ಕಟ್ಟಿದ್ರಮ್ಮಾ? ನಾನು ಬೈಯಲ್ಲ. ಯಾವ ಬಸ್ಸು ಅಂತ ಹೇಳಿ ಸಾಕು."

"ಬಂದ್ಳಪ್ಪಾ ಬೆಕ್ಕಿನ ಪೊಲೀಸು!" ಎಂದು ಯಾರೋ ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಎದುರುಮನೆ ಅಜ್ಜಿಯೇ ಒಪ್ಪಿಕೊಂಡರು. "ನಾನೇ ಕಣೇ. ಹಣ್ಣೆಲ್ಲಾ ಗಲೀಜು ಮಾಡ್ತಿತ್ತು. ಕೊಂದಿಲ್ಲಮ್ಮಾ, ಕೋಲಾರದ ಬಸ್ಸಿಗೆ ಹಾಕಿಸ್ದೆ, ಅಷ್ಟೆ."

"ಎರಡು ಗೋಣಿ ಒಳಗೆ ಗಾಳಿ ಎಲ್ಲಿಂದ ಬರುತ್ತಜ್ಜೀ?"

"ಅಯ್ಯೋ ದೇವುಡಾ..." ಅಜ್ಜಿ ಹೊಸಿಲ ಮೇಲೆ ಕುಸಿದು ಕುಳಿತರು.

ಮುಂದಿನ ಬಸ್ಸಿಗೇ ಹೊರಟ ಅತ್ತೆ ಸಂಜೆ ಬರಿಗೈಯಲ್ಲಿ ಬಂದರು. ನೇರ ಅಜ್ಜಿಯ ಮನೆಗೆ ಹೋಗಿ, "ಬಿಚ್ಚಿದ್ದೇ ತಡ, ನನ್ನ ಮುಖಾನೂ ನೋಡ್ದೆ ಓಡೋಯ್ತಜ್ಜೀ, ಕಳ್ ಮುಂಡೇದು! ಕೋಲಾರದಲ್ಲಿ ಇಲಿಗೇನು ಬರ," ಎಂದರು. ಅಜ್ಜಿ ಅತ್ತರು, ನಕ್ಕರು. ಎರಡು ಮರಿಗಳು ಉಳಿಯಲಿಲ್ಲ. ಮೂರನೆಯದಕ್ಕೆ ಅಜ್ಜಿಯೇ ಹತ್ತಿಯ ಬತ್ತಿಯಲ್ಲಿ ಹಾಲು ಕುಡಿಸಿ ಸಾಕಿದರು.

ಆಮೇಲೆ ಪ್ರತಿ ಮಾವಿನ ಕಾಲದಲ್ಲೂ ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಾಯಿ ಕಟ್ಟಿದ ಗೋಣಿಗಳನ್ನು ಮುಟ್ಟಿ ನೋಡುತ್ತಿದ್ದರು. "ಅತ್ತೇ, ಇದರಾಗೆ ಹುಲಿ ಐತೆ!" ಎಂದು ಹಮಾಲರು ರೇಗಿಸುತ್ತಿದ್ದರು. ಅತ್ತೆ ನಕ್ಕರೂ ಬಿಚ್ಚಿಸದೆ ಬಿಡುತ್ತಿರಲಿಲ್ಲ. "ನಿಮ್ಮ ಬೆಕ್ಕು ಬದುಕಿತಲ್ಲ, ಇನ್ಯಾಕೆ ಅತ್ತೆ?" ಎಂದು ಒಮ್ಮೆ ಕೇಳಿದ್ದೆ. ಮುಂದಿನ ಗೋಣಿಯ ಗಂಟಿಗೆ ಕೈ ಹಾಕಿದರು ಎಂದಷ್ಟೇ ನೆನಪು. ಅದೂ ನಾನೇ ಆಮೇಲೆ ಸೇರಿಸಿಕೊಂಡದ್ದಿರಬಹುದು.

ಈಗ ಅಜ್ಜಿಯೂ ಇಲ್ಲ, ಅತ್ತೆಯೂ ಇಲ್ಲ. ಇನ್ನೊಮ್ಮೆ ಕೇಳೋಣವೆಂದರೆ ಬೀದಿಯಲ್ಲಿ ಯಾರೂ ಉಳಿದಿಲ್ಲ. ಕೊನೆಗೆ ಅಂದು ಅತ್ತೆ ಕೋಲಾರಕ್ಕೆ ಹೋದ ಬಸ್ಸಿನ ಕಂಡಕ್ಟರ್ ಆಗಿದ್ದವರನ್ನು ಹುಡುಕಿಕೊಂಡು ಹೋದೆ. ಅವರಿಗೆ ವರ್ಷ ನೆನಪಿಲ್ಲ, ಅತ್ತೆಯ ಮುಖವೂ ಸರಿಯಾಗಿ ನೆನಪಿಲ್ಲ. ಒಂದನ್ನು ಮಾತ್ರ ತಡವರಿಸದೆ ಹೇಳಿದರು: ಗೋಣಿ ಬಿಚ್ಚಿದಾಗ ಬೆಕ್ಕು ಸತ್ತಿತ್ತು, ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದೆ ಗುಂಡಿ ತೋಡಿದ್ದು ಅವರೇ.